ಎಚ್‌ಐವಿಗೆ ಕೊಡೋ ಟಿಎಲ್‌ಡಿ ಮಾತ್ರೆ: ಹೊಟ್ಟೆ ತೊಳಸು, ನಿದ್ದೆ ಬರಲ್ಲ, ಏನ್ ಮಾಡೋದು?

ಕೇಳಿದ್ದು: ನನ್ನ ತಮ್ಮನಿಗೆ ಗಾಂಧಿನಗರದ ಹೋಟೆಲ್‌ನಲ್ಲಿ ಕೆಲಸ. ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಕೇಂದ್ರದವರು ಟಿಎಲ್‌ಡಿ (ಟೆನೊಫೊವಿರ್, ಲಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಮಾತ್ರೆ) ಶುರು ಮಾಡಿ ಮೂರು ವಾರ ಆಯ್ತು. ರಾತ್ರಿ ಖಾಲಿ ಹೊಟ್ಟೆಯಲ್ಲಿ ನುಂಗಿ, ಉರಿ ಅಂತ ಜೆಲುಸಿಲ್ ಕುಡೀತಾನೆ. ವಾಕರಿಕೆ, ಭೇದಿ, ನಿದ್ದೆ ಇಲ್ಲ. ಶುಗರ್‌ಗೆ ಮೆಟ್‌ಫಾರ್ಮಿನ್ 1000 ಎರಡು ಹೊತ್ತು. ಕಿಡ್ನಿ ನೋಡೋ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 0.9 ಇದ್ದದ್ದು 1.1 ಆಗಿದೆ. ಮಾತ್ರೆ ಬಿಟ್ಟುಬಿಡ್ತೀನಿ ಅಂತಾನೆ.

ಎಆರ್‌ಟಿ ನರ್ಸ್: ಬಿಡೋಕೆ ಬಿಡಬೇಡಿ ಅಕ್ಕ. ಹೆಪಟೈಟಿಸ್ ಬಿ ಕೂಡ ಇದ್ದರೆ, ತಟ್ಟನೆ ನಿಲ್ಲಿಸಿದಾಗ ಲಿವರ್ ಕೆಡುತ್ತೆ. ಟೆನೊಫೊವಿರ್, ಲಾಮಿವುಡಿನ್ ಎರಡೂ ಅದನ್ನೂ ಹಿಡಿದಿಟ್ಟಿರುತ್ತವೆ. ರಾತ್ರಿ, ಖಾಲಿ ಹೊಟ್ಟೆ ಅನ್ನೋದು ಹಳೇ ಎಚ್‌ಐವಿ ಮಾತ್ರೆ ಎಫಾವಿರೆಂಜ್ ಕಾಲದ ಮಾತು, ಇನ್ನೂ ಜನರ ಬಾಯಲ್ಲಿ ಉಳಿದಿದೆ. ಎಣ್ಣೆ-ತುಪ್ಪದ ಊಟದ ಜೊತೆ ಅದು ರಕ್ತಕ್ಕೆ ಜಾಸ್ತಿ ಸೇರಿ ತಲೆಸುತ್ತು ತರ್ತಿತ್ತು. ಟಿಎಲ್‌ಡಿಗೆ ಆ ಕಟ್ಟುಪಾಡಿಲ್ಲ. ಇದರಲ್ಲಿರೋ ಡೊಲುಟೆಗ್ರಾವಿರ್ ಕೆಲವರ ನಿದ್ದೆ ಕೆಡಿಸುತ್ತೆ, ಅಂಥವರು ಬೆಳಿಗ್ಗೆ ತಿಂಡಿ ಆದಮೇಲೆ ತಗೋಬೇಕು. ಕೇಂದ್ರದಲ್ಲಿ ಹೇಳಿ ಹೊತ್ತು ಬದಲಿಸಿ. ವಾಕರಿಕೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಗ್ಗುತ್ತೆ. ಮನಸ್ಸು ತೀರಾ ಕುಗ್ಗಿದರೆ, ಜ್ವರದ ಜೊತೆ ಗಂಧೆ ಎದ್ದರೆ, ಕಣ್ಣು ಹಳದಿಯಾದರೆ ಮಾತ್ರ ಕಾಯಬಾರದು, ಅವತ್ತೇ ಹೋಗಿ.

ಫಾರ್ಮಸಿಸ್ಟ್: ಜೆಲುಸಿಲ್‌ನ ಅಲ್ಯೂಮಿನಿಯಂ, ಮೆಗ್ನೀಸಿಯಂ ಹೊಟ್ಟೆಯಲ್ಲೇ ಡೊಲುಟೆಗ್ರಾವಿರ್‌ಗೆ ಅಂಟಿಕೊಳ್ಳುತ್ತೆ. ಮಾತ್ರೆ ನುಂಗಿದ್ದರೂ ರಕ್ತಕ್ಕೆ ಸೇರೋದು ಅರೆಬರೆ. ಟಿಎಲ್‌ಡಿ ತಗೊಂಡು 2 ಗಂಟೆ ಆದಮೇಲೆ ಜೆಲುಸಿಲ್. ಜೆಲುಸಿಲ್ ಮೊದಲು ಕುಡಿದಿದ್ದರೆ 6 ಗಂಟೆ ಬಿಟ್ಟು ಟಿಎಲ್‌ಡಿ. ಐರನ್, ಕ್ಯಾಲ್ಸಿಯಂ ಮಾತ್ರೆ ಊಟದ ಜೊತೆ ಒಟ್ಟಿಗೆ ಆಗುತ್ತೆ, ಖಾಲಿ ಹೊಟ್ಟೆಯಾದರೆ ಇದೇ ಲೆಕ್ಕ. ಉರಿಗೆ ಕೊಡೋ ಪ್ಯಾಂಟೊಪ್ರಜೋಲ್ ಮಾತ್ರೆಗೆ ಅಡ್ಡಿ ಇಲ್ಲ. ರಾಗಿ ಮುದ್ದೆ, ಹಾಲು ಬಿಡಿಸೋದು ಬೇಡ.

ನಿಜವಾದ ತಕರಾರು ಮೆಟ್‌ಫಾರ್ಮಿನ್‌ದು. ಕಿಡ್ನಿಯಿಂದ ಅದು ಹೊರಹೋಗೋದನ್ನ ಡೊಲುಟೆಗ್ರಾವಿರ್ ತಡೆಯುತ್ತೆ. ಹಾಗಾಗಿ ಜೊತೆಗೆ ಕೊಡುವಾಗ ದಿನಕ್ಕೆ ಒಟ್ಟು 1000 ಮಿ.ಗ್ರಾಂ. ಮೀರಿಸಲ್ಲ. ಇವರದು 2000! ಭೇದಿಗೆ ಅದೇ ಕಾರಣ ಇರಬಹುದು. ಶುಗರ್ ಡಾಕ್ಟರಿಗೆ ಇನ್ನೂ ಟಿಎಲ್‌ಡಿ ವಿಷಯ ಹೇಳಿಲ್ಲದಿದ್ದರೆ ನಾಳೆಯೇ ಹೇಳಿ, ಡೋಸ್ ಅವರೇ ಇಳಿಸಲಿ. ಇಳಿಸಿದ ಮೇಲೆ ಶುಗರ್ ನೋಡ್ತಾ ಇರಬೇಕು.

ಲ್ಯಾಬ್‌ನವರು: 0.9ರಿಂದ 1.1ಕ್ಕೆ ಗಾಬರಿ ಬೇಡ. ಕ್ರಿಯಾಟಿನಿನ್ ಮೂತ್ರಕ್ಕೆ ಹೋಗೋ ಒಂದು ದಾರಿಯನ್ನ ಡೊಲುಟೆಗ್ರಾವಿರ್ ಮುಚ್ಚುತ್ತೆ. ಮೊದಲ ನಾಲ್ಕು ವಾರದಲ್ಲಿ ಅಂಕಿ ಕೊಂಚ ಏರಿ ಅಲ್ಲೇ ನಿಲ್ಲುತ್ತೆ, ಸೋಸುವ ಕೆಲಸ ತಗ್ಗಿರಲ್ಲ. ನಿಲ್ಲದೆ ಏರುತ್ತಾ ಹೋದರೆ, ಮೂತ್ರದಲ್ಲಿ ಪ್ರೋಟೀನ್ ಕಂಡರೆ, ಆಗ ಟೆನೊಫೊವಿರ್ ಮೇಲೆ ಅನುಮಾನ. ಮೂತ್ರದಲ್ಲಿ ಗ್ಲೂಕೋಸ್ ಕಂಡರೂ ಅದೇ ಅನುಮಾನ, ಆದರೆ ಇವರಿಗೆ ಶುಗರ್ ಇರೋದರಿಂದ ಅದನ್ನ ರಕ್ತದ ಶುಗರ್ ಜೊತೆಗಿಟ್ಟೇ ಓದಬೇಕು. ದಿನವಿಡೀ ನಿಂತು ಸೊಂಟ ನೋವು ಅಂತ ಮೆಡಿಕಲ್ ಶಾಪ್‌ನಲ್ಲಿ ಡೈಕ್ಲೊಫೆನಾಕ್ ತಗೊಳ್ಳೋದು ಬೇಡ, ಟೆನೊಫೊವಿರ್ ಜೊತೆ ಕಿಡ್ನಿಗೆ ಪೆಟ್ಟು. ಪ್ಯಾರಾಸಿಟಮಾಲ್ ಸಾಕು.

ಕೌನ್ಸೆಲರ್: ಹೆಸರು ಕಾಣಬಾರದು ಅಂತ ಮಾತ್ರೆ ತೆಗೆದು ಪೇಪರ್‌ನಲ್ಲಿ ಸುತ್ತಿ ಜೇಬಿಗೆ ಹಾಕೋದುಂಟು. ಅಡುಗೆಮನೆ ಹಬೆಗೆ ತೇವ ಹಿಡಿಯುತ್ತೆ. ಡಬ್ಬಿ ಮನೇಲೇ ಇರಲಿ, ಒಳಗಿನ ತೇವ ಹೀರೋ ಪೊಟ್ಟಣ ಎಸೀಬೇಡಿ. ತಿಂಡಿ ಹೊತ್ತಿಗೆ ಬದಲಾದರೆ ಹೊರಗೆ ಒಯ್ಯೋ ಪಾಡೇ ಇಲ್ಲ. ರಾತ್ರಿ ಏನಾದರೂ ಕೇಳಬೇಕಿದ್ದರೆ ಎಚ್‌ಐವಿ ಸಹಾಯವಾಣಿ 1097, ಕರೆ ಉಚಿತ. ಕೆಮ್ಮು ಬಿಡದೆ ಮುಂದೆ ಟಿಬಿ ಅಂತ ಗೊತ್ತಾದರೆ, ಟಿಬಿ ಔಷಧ ರಿಫಾಂಪಿಸಿನ್ ನುಂಗುವ ಮೊದಲೇ ಎಆರ್‌ಟಿ ಕೇಂದ್ರಕ್ಕೆ ತಿಳಿಸಿ. ಆಗ ಡೊಲುಟೆಗ್ರಾವಿರ್ 50 ಮಿ.ಗ್ರಾಂ. ಇನ್ನೊಂದನ್ನ 12 ಗಂಟೆ ಬಿಟ್ಟು ಸೇರಿಸ್ತಾರೆ.