ನ್ಯೂವರ್ಕ್‌ನಲ್ಲಿ 90 ಸೆಕೆಂಡು ರಾಡಾರ್ ಹೋಯಿತು, ಬ್ಯಾಕಪ್ ಯಾಕೆ ಕೈಕೊಟ್ಟಿತು?

ಆಂಟೆನಾ_ಮನೆ
2025ರ ಏಪ್ರಿಲ್ 28ರಂದು ಅಮೆರಿಕದ ನ್ಯೂಯಾರ್ಕ್ ಪಕ್ಕದ ನ್ಯೂವರ್ಕ್ ವಿಮಾನ ನಿಲ್ದಾಣಕ್ಕೆ ಬರುವ ವಿಮಾನಗಳನ್ನು ನೋಡಿಕೊಳ್ಳುವ ಫಿಲಡೆಲ್ಫಿಯಾ ಕೇಂದ್ರದಲ್ಲಿ ರಾಡಾರ್ ಸುಮಾರು 90 ಸೆಕೆಂಡು ಹೋಯಿತು. ರೇಡಿಯೋ ಕೂಡ ಕಡಿದುಹೋಗಿತ್ತು. ಮೇ 9ರ ನಸುಕಿನ 3.55ಕ್ಕೆ ಮತ್ತೆ ಅದೇ ಕಥೆ. ಕೆಟ್ಟಿದ್ದು ರಾಡಾರೇ? ಆ ಹೊತ್ತಿನಲ್ಲಿ ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್ ಏನು ಮಾಡಬೇಕು? ವಿಮಾನದಲ್ಲೇ ಡಿಕ್ಕಿ ತಪ್ಪಿಸುವ ಟಿಕ್ಯಾಸ್ ಸಾಧನ ಇದೆಯಲ್ಲ, ಅದು ಸಾಲದೇ?

ಸಿಗ್ನಲ್_ದಾರಿ
ಕೆಟ್ಟಿದ್ದು ರಾಡಾರ್ ಅಲ್ಲ, ಅದರ ಮಾಹಿತಿ ಸಾಗುವ ದಾರಿ. 2024ರ ಜುಲೈವರೆಗೆ ಈ ಕೆಲಸ ಲಾಂಗ್ ಐಲ್ಯಾಂಡಿನ ವೆಸ್ಟ್‌ಬರಿಯಲ್ಲಿ ನಡೆಯುತ್ತಿತ್ತು. ಕಂಟ್ರೋಲರ್‌ಗಳು ಫಿಲಡೆಲ್ಫಿಯಾಕ್ಕೆ ಬಂದರು, ರಾಡಾರ್ ಮಾಹಿತಿಯನ್ನು ಸಂಸ್ಕರಿಸುವ ಯಂತ್ರ ಮಾತ್ರ ನ್ಯೂಯಾರ್ಕ್ ಕಡೆಯೇ ಉಳಿಯಿತು. ನಡುವೆ ಇದ್ದದ್ದು ಟೆಲಿಕಾಂ ಲೈನು, ಅದರಲ್ಲಿ ಹಳೆಯ ತಾಮ್ರದ ತಂತಿಯೂ ಸೇರಿತ್ತು. ಮುಖ್ಯ ಲೈನು ಬಿದ್ದಾಗ ಬ್ಯಾಕಪ್ ಲೈನು ತಕ್ಷಣ ಎತ್ತಿಕೊಳ್ಳಲಿಲ್ಲ.

ಆಮೇಲೆ ಅಮೆರಿಕದ ವಿಮಾನಯಾನ ಸಂಸ್ಥೆ ಎಫ್‌ಎಎ ಹೇಳಿದ ಪರಿಹಾರವೂ ಇದನ್ನೇ ತೋರಿಸುತ್ತದೆ: ಹೆಚ್ಚು ಸಾಮರ್ಥ್ಯದ ಮೂರು ಹೊಸ ಲೈನು, ತಾಮ್ರದ ಜಾಗಕ್ಕೆ ಫೈಬರ್, ಜೊತೆಗೆ ಫಿಲಡೆಲ್ಫಿಯಾದಲ್ಲೇ ಸ್ವಂತ ಸಂಸ್ಕರಣಾ ಕೇಂದ್ರ. ನನ್ನ ಪ್ರಕಾರ ಮೂರನೆಯದೇ ನಿಜವಾದ ಮದ್ದು. ಲೈನು ಎಷ್ಟೇ ಹಾಕಿ, ಎಲ್ಲವೂ ಒಂದೇ ಯಂತ್ರದಿಂದ ಹೊರಟರೆ ಆ ಯಂತ್ರ ನಿಂತ ದಿನ ಎಲ್ಲವೂ ನಿಲ್ಲುತ್ತದೆ.

ಸ್ಟ್ರಿಪ್_ಬೋರ್ಡ್
90 ಸೆಕೆಂಡು ಅಂದರೆ ಎಷ್ಟು ಅಂತ ಲೆಕ್ಕ ಹಾಕಿ. 240 ನಾಟ್ (ಗಂಟೆಗೆ 240 ನಾಟಿಕಲ್ ಮೈಲಿ) ವೇಗದ ವಿಮಾನ ನಿಮಿಷಕ್ಕೆ 4 ನಾಟಿಕಲ್ ಮೈಲಿ ಹೋಗುತ್ತದೆ, 90 ಸೆಕೆಂಡಿಗೆ 6. ಅಪ್ರೋಚ್‌ನಲ್ಲಿ, ಅಂದರೆ ಇಳಿಯಲು ನಿಲ್ದಾಣದ ಹತ್ತಿರ ಬರುವಾಗ, ಎರಡು ವಿಮಾನಗಳ ನಡುವೆ ಇಡುವ ಅಂತರವೇ ಸಾಮಾನ್ಯವಾಗಿ 3 ನಾಟಿಕಲ್ ಮೈಲಿ.

ರಾಡಾರ್ ಹೋಗಿ ರೇಡಿಯೋ ಉಳಿದಿದ್ದರೆ ಮೊದಲು ಎತ್ತರ ನೋಡಬೇಕು. ಹತ್ತಿರ ಸೇರುತ್ತಿರುವ ಜೋಡಿಗಳನ್ನು ಹಿಡಿದು 1000 ಅಡಿ ಅಂತರಕ್ಕೆ ತರಬೇಕು. ಅಷ್ಟಕ್ಕೆ ಸಮಯವೇ ಇಲ್ಲದಿದ್ದರೆ ತಾತ್ಕಾಲಿಕವಾಗಿ ಅದರ ಅರ್ಧ, 500 ಅಡಿ, ಇಡಲು ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆ ಐಕಾವೋದ ನಿಯಮ ಒಪ್ಪುತ್ತದೆ. ಜೊತೆಜೊತೆಗೇ ಪಕ್ಕದ ಕೇಂದ್ರಕ್ಕೂ ಟವರ್‌ಗೂ ಫೋನ್ ಮಾಡಿ ಹೊಸ ವಿಮಾನ ಕಳಿಸದಂತೆ ತಡೆಯಬೇಕು. ರಾಡಾರ್ ಸೇವೆ ಇಲ್ಲ ಎಂದು ಪೈಲಟ್‌ಗಳಿಗೆ ತಿಳಿಸಿ, ವಿಒಆರ್‌ನಿಂದ (ದಿಕ್ಕು ತೋರಿಸುವ ನೆಲದ ರೇಡಿಯೋ ಕೇಂದ್ರ) ಯಾವ ರೇಡಿಯಲ್, ಅಂದರೆ ಯಾವ ದಿಕ್ಕಿನ ಗೆರೆ, ಎಷ್ಟು ದೂರ, ಯಾವ ಎತ್ತರ ಎಂದು ಕೇಳಿ ಪ್ರತಿ ವಿಮಾನದ ವಿವರ ಬರೆಯುವ ಸ್ಟ್ರಿಪ್ ಮೇಲೆ ಬರೆದುಕೊಳ್ಳಬೇಕು.

ರೇಡಿಯೋನೂ ಹೋದರೆ ಇದ್ಯಾವುದೂ ನಡೆಯದು. ಏಪ್ರಿಲ್ 28 ಅಷ್ಟು ಭಯಂಕರವಾಗಿದ್ದು ಅದಕ್ಕೇ. ರಾಡಾರ್ ಮತ್ತು ರೇಡಿಯೋ ಲೈನುಗಳು ಒಂದೇ ಕೇಬಲ್, ಒಂದೇ ಕಟ್ಟಡ, ಒಂದೇ ವಿದ್ಯುತ್ ಮೂಲ ಹಂಚಿಕೊಳ್ಳಲೇಬಾರದು.

ಮೋಡ್_ಎಸ್
ಟಿಕ್ಯಾಸ್ ಕೊನೆಯ ಆಸರೆ ಅಷ್ಟೇ. ಡಿಕ್ಕಿಗೆ ಸುಮಾರು 15ರಿಂದ 35 ಸೆಕೆಂಡು ಇರುವಾಗ ಮಾತ್ರ ‘ಏರು’, ‘ಇಳಿ’ ಎಂಬ ಆದೇಶ ಬರುತ್ತದೆ. ಎದುರಿನ ವಿಮಾನದ ಟ್ರಾನ್ಸ್‌ಪಾಂಡರ್ (ಸಂಕೇತಕ್ಕೆ ಉತ್ತರ ಕೊಡುವ ಸಾಧನ) ಕೆಲಸ ಮಾಡುತ್ತಿರಬೇಕು. ನೆಲದಿಂದ ಸುಮಾರು 1000 ಅಡಿಗಿಂತ ಕೆಳಗೆ ಆ ಆದೇಶವೂ ಇಲ್ಲ.

ಕತ್ತಲಾದ ಪರದೆ ಕನಿಷ್ಠ ಕಣ್ಣಿಗೆ ಕಾಣುತ್ತದೆ. ನನಗೆ ಹೆಚ್ಚು ಹೆದರಿಕೆ ಹುಟ್ಟಿಸುವುದು ಅರ್ಧ ಕೆಲಸ ಮಾಡುವ ವ್ಯವಸ್ಥೆ. 2002ರ ಜುಲೈ 1ರ ರಾತ್ರಿ ಜರ್ಮನಿಯ ಯೂಬರ್‌ಲಿಂಗೆನ್ ಮೇಲೆ ಎರಡು ವಿಮಾನ ಡಿಕ್ಕಿಯಾಗಿ 71 ಜನ ಸತ್ತರಲ್ಲ, ಆಗ ಆ ವಿಮಾನಗಳನ್ನು ನೋಡಿಕೊಳ್ಳುತ್ತಿದ್ದ ಜ್ಯೂರಿಕ್‌ನ ರಾಡಾರ್ ವ್ಯವಸ್ಥೆ ರಿಪೇರಿಗಾಗಿ ಬದಲಿ ಸ್ಥಿತಿಯಲ್ಲಿತ್ತು. ಪರದೆಯ ಮೇಲೆ ಬರಬೇಕಿದ್ದ ಡಿಕ್ಕಿ ಎಚ್ಚರಿಕೆ ಬರುತ್ತಿರಲಿಲ್ಲ, ಅದು ಕಂಟ್ರೋಲರ್‌ಗೆ ಗೊತ್ತೂ ಇರಲಿಲ್ಲ. ಮುಖ್ಯ ಫೋನ್ ಲೈನೂ ಬಂದ್. ಅಪಾಯ ಕಂಡ ಪಕ್ಕದ ಜರ್ಮನ್ ಕೇಂದ್ರ ಕಾರ್ಲ್ಸ್‌ರೂಹೆಯವರು ಕರೆ ಮಾಡಿದರೂ ತಲುಪಲಿಲ್ಲ. ಟಿಕ್ಯಾಸ್ ಎರಡೂ ವಿಮಾನದಲ್ಲಿತ್ತು. ಒಂದರಲ್ಲಿ ‘ಏರು’ ಎಂದಿತು, ಕಂಟ್ರೋಲರ್ ಇಳಿಯಲು ಹೇಳಿದ್ದರು, ಪೈಲಟ್ ಇಳಿದರು.

ನಮ್ಮ ದೇಶದ್ದೇ ನೋಡಿ: 1996ರಲ್ಲಿ ಎರಡು ವಿಮಾನ ಡಿಕ್ಕಿಯಾದ ಚರ್ಖಿ ದಾದ್ರಿ ದುರಂತದ ಹೊತ್ತಿಗೆ ದೆಹಲಿಯಲ್ಲಿ ಇದ್ದದ್ದು ಪ್ರೈಮರಿ ರಾಡಾರ್. ಅದರಲ್ಲಿ ಚುಕ್ಕೆ ಕಾಣುತ್ತದೆ, ಎತ್ತರ ಕಾಣುವುದಿಲ್ಲ. ಕಜಕ್ ವಿಮಾನ ತನಗೆ ಹೇಳಿದ್ದ 15,000 ಅಡಿಗಿಂತ ಕೆಳಗಿಳಿದದ್ದು ತಿಳಿಯಲೇ ಇಲ್ಲ. 349 ಜೀವ ಹೋದವು.

ಆಂಟೆನಾ_ಮನೆ
ಹಾಗಾದರೆ ಬ್ಯಾಕಪ್ ಲೈನು ಎತ್ತಿಕೊಳ್ಳುತ್ತದೆ ಎಂದು ಮೊದಲೇ ಖಚಿತ ಮಾಡಿಕೊಳ್ಳುವುದು ಹೇಗೆ?

ಸಿಗ್ನಲ್_ದಾರಿ
ಟ್ರಾಫಿಕ್ ಇಲ್ಲದ ರಾತ್ರಿ, ಪಕ್ಕದ ಕೇಂದ್ರಕ್ಕೆ ತಿಳಿಸಿ, ಮುಖ್ಯ ಲೈನನ್ನು ನಿಜವಾಗಿ ಕಿತ್ತು ನೋಡಬೇಕು. ಹಸಿರು ದೀಪ ಲೈನು ಜೀವಂತವಿದೆ ಎಂದಷ್ಟೇ ಹೇಳುತ್ತದೆ, ಪೂರ್ತಿ ಹೊರೆ ತಾಳುತ್ತದೆ ಎಂದಲ್ಲ. ಪರದೆಯಲ್ಲಿ ವಿಮಾನಗಳು ಮತ್ತೆ ಕಾಣಲು ಎಷ್ಟು ಸೆಕೆಂಡು ಹಿಡಿಯಿತು ಎಂದು ಬರೆದಿಡಿ. ಅಪ್ರೋಚ್ ರಾಡಾರ್ ಸುಮಾರು 5 ಸೆಕೆಂಡಿಗೊಂದು ಸುತ್ತು ಹೊಡೆಯುತ್ತದೆ. ಒಂದೆರಡು ಸುತ್ತಿಗಿಂತ ಹೆಚ್ಚು ಹಿಡಿದರೆ ಅದನ್ನು ಬ್ಯಾಕಪ್ ಎಂದು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.