ಗಾಯದ ಡ್ರೆಸಿಂಗ್ ಪರೀಕ್ಷೆ: ‘ದ್ರವ ನಿರ್ವಹಣೆ’ ಎಂದರೆ ಸಾಕೇ?

ಮಾನ್ಯರೇ,

ಬೆಳ್ಳಿಯ ಅಂಶವುಳ್ಳ ಫೋಮ್ ಡ್ರೆಸಿಂಗ್ ಒಂದರ ಪ್ರಯೋಗಾಲಯ ವರದಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಪದೇಪದೇ ಬರುವ ‘ಫ್ಲೂಯಿಡ್ ಹ್ಯಾಂಡ್ಲಿಂಗ್ ಕೆಪಾಸಿಟಿ’ಗೆ ತಕ್ಕ ಪದ ಸಿಗದೆ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ‘ಹೀರುವ ಸಾಮರ್ಥ್ಯ’ ಎಂದು ಬರೆದು, ಪರೀಕ್ಷೆಯ ಕ್ರಮವನ್ನು ಓದಿದ ಮೇಲೆ ಅಳಿಸಿದೆ. ಯುರೋಪಿನ ಇಎನ್ 13726 ಮಾನಕದಂತೆ, 10 ಚದರ ಸೆಂಟಿಮೀಟರ್ ಬಾಯಿಯ ‘ಪ್ಯಾಡಿಂಗ್ಟನ್ ಕಪ್’ಗೆ ಡ್ರೆಸಿಂಗನ್ನು ಬಿಗಿದು, ಒಳಗೆ 20 ಮಿಲಿಲೀಟರ್ ದ್ರವ ಹಾಕಿ, ಡ್ರೆಸಿಂಗ್ ಕೆಳಮುಖವಾಗಿರುವಂತೆ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಇಡುತ್ತಾರೆ. ಆ ಅವಧಿಯಲ್ಲಿ ಒಟ್ಟು ತೂಕದಲ್ಲಿ ಕಡಿಮೆಯಾದಷ್ಟು ದ್ರವ ಡ್ರೆಸಿಂಗಿನ ಬೆನ್ನಿನಿಂದ ಆವಿಯಾಗಿ ಹೋಗಿರುತ್ತದೆ. ಉಳಿದ ದ್ರವವನ್ನು ಚೆಲ್ಲಿ ಮತ್ತೆ ತೂಗಿದಾಗ, ದ್ರವ ಹಾಕುವ ಮುಂಚಿನ ತೂಕಕ್ಕಿಂತ ಹೆಚ್ಚಾಗಿ ಕಾಣುವಷ್ಟನ್ನು ಡ್ರೆಸಿಂಗ್ ಹೀರಿಕೊಂಡಿರುತ್ತದೆ. ಇವೆರಡರ ಮೊತ್ತಕ್ಕೇ ಈ ಹೆಸರು. ಹಾಗಾಗಿ ‘ಹೀರುವಿಕೆ’ ಅರ್ಧ ಮಾತ್ರ ಹೇಳಿದಂತಾಗುತ್ತದೆ.

ಸ್ನೇಹಿತರೊಬ್ಬರು ಸೂಚಿಸಿದ ‘ಗಾಯ ಒಣಗಿಸುವ ಸಾಮರ್ಥ್ಯ’ ಕಿವಿಗೆ ಹಿತವಾಗಿದ್ದರೂ ಅರ್ಥವನ್ನೇ ತಿರುಗಿಸುತ್ತದೆ. 1962ರಲ್ಲಿ ಸಂಶೋಧಕ ಜಾರ್ಜ್ ವಿಂಟರ್ ಹಂದಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಗಾಳಿಗೆ ಬಿಟ್ಟ ಗಾಯಕ್ಕಿಂತ ಪಾಲಿಥೀನ್ ಹಾಳೆ ಮುಚ್ಚಿ ತೇವವಾಗಿಟ್ಟ ಗಾಯದ ಮೇಲೆ ಹೊಸ ಚರ್ಮ ಬೇಗ ಹರಡಿತ್ತು. ಈ ಬಗೆಯ ಡ್ರೆಸಿಂಗ್ ಹೆಚ್ಚಾದ ದ್ರವವನ್ನು ತೆಗೆಯಬೇಕೇ ಹೊರತು ಗಾಯವನ್ನು ಒಣಗಿಸಬಾರದು. ನಮ್ಮ ಆಡುಮಾತಿನಲ್ಲಿ ‘ಗಾಯ ಒಣಗಿತು’ ಎಂದರೆ ವಾಸಿಯಾಯಿತು ಎಂದೇ ಅರ್ಥವಾಗುವುದರಿಂದ ತೊಡಕು ಇನ್ನೂ ಹೆಚ್ಚು.

‘ನಿರ್ವಹಣೆ’ ತಪ್ಪಲ್ಲ, ಆದರೆ ಕಚೇರಿಯ ಕಡತದ ವಾಸನೆ ಬರುತ್ತದೆ. ‘ದ್ರವ ನಿಭಾಯಿಸುವ ಸಾಮರ್ಥ್ಯ’ ಎಂದರೆ ಹೊರೆ ಬಂದಾಗ ತಾಳಿಕೊಂಡು ಸಾಗಹಾಕುವ ಭಾವವೂ ಸೇರುತ್ತದೆಂದು ನನ್ನ ಎಣಿಕೆ.

ಇನ್ನು ಆ ದ್ರವದ ಹೆಸರು. ಗಾಯದಿಂದ ಒಸರುವುದಕ್ಕೆ ‘ರಸಿಗೆ’ ಎಂಬ ಪದವಿದೆ. ಆದರೆ ಹಲವರು ಅದನ್ನು ಕೀವೆಂದೇ ತಿಳಿಯುತ್ತಾರೆ, ಸೋಂಕಿಲ್ಲದ ಗಾಯದಲ್ಲೂ ತಿಳಿಯಾದ ಒಸರು ಇರುತ್ತದೆ. ಪರೀಕ್ಷೆಯಲ್ಲಿ ಬಳಸುವುದಂತೂ ಸೋಡಿಯಂ ಮತ್ತು ಕ್ಯಾಲ್ಸಿಯಂ ಕ್ಲೋರೈಡುಗಳ ದ್ರಾವಣ; ಅದರಲ್ಲಿ ಪ್ರೋಟೀನಾಗಲಿ ಜೀವಕೋಶಗಳಾಗಲಿ ಇಲ್ಲ. ಆದ್ದರಿಂದ ಗಾಯದ ಮಾತು ಬಂದಲ್ಲಿ ‘ಒಸರು’, ಪರೀಕ್ಷೆಯ ಕಪ್‌ನ ಮಾತು ಬಂದಲ್ಲಿ ‘ಪರೀಕ್ಷಾ ದ್ರಾವಣ’ ಎಂದು ಬೇರ್ಪಡಿಸಿದ್ದೇನೆ.

ಶುಶ್ರೂಷಕಿಯರು ವಾರ್ಡಿನಲ್ಲಿ ಈ ಒಸರಿಗೆ ಬೇರೆ ಹೆಸರು ಹೇಳುವುದನ್ನು ಯಾರಾದರೂ ಕೇಳಿದ್ದರೆ, ಯಾವ ಊರಿನ ಬಳಕೆಯೆಂಬುದನ್ನೂ ಸೇರಿಸಿ ದಯವಿಟ್ಟು ತಿಳಿಸಿ.