ದಪ್ಪ ಅಲಗಿನ ಚಾಕುವನ್ನು ತೆಳ್ಳಗೆ ಮಾಡಿಸಿದವರು ಇದ್ದೀರಾ? ಅನುಭವ ಹೇಳಿ

ಠಾಣೆ ವೆಸ್ಟ್:
ಹೇಳಿ ಮಾಡಿಸಿದ 8 ಇಂಚಿನ ಚಾಕು. ಇಎನ್31 ಉಕ್ಕು, ಬೆನ್ನು 4 ಮಿ.ಮೀ., ಬೀಟೆ ಮರದ ಹಿಡಿ. ಹರಿತ ಚೆನ್ನಾಗಿದೆ, ಕೈಮೇಲಿನ ಕೂದಲು ಬೋಳಿಸುತ್ತದೆ. ಆದರೆ ಕ್ಯಾರೆಟ್ ಅರ್ಧ ಕತ್ತರಿಸಿ ಇನ್ನರ್ಧ ಚಟ್ ಅಂತ ಸೀಳುತ್ತದೆ. ಸುವರ್ಣಗಡ್ಡೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಅಂಚಿನ ಹಿಂದೆ, ಅಂದರೆ ಮಸೆದ ಪಟ್ಟಿ ಮುಗಿಯುವಲ್ಲಿ, ದಪ್ಪ ಅಳೆಯುವ ವರ್ನಿಯರ್ ಇಟ್ಟರೆ 0.9 ಮಿ.ಮೀ. ತೋರಿಸುತ್ತದೆ. ಮಾಡಿದವರು ವಾಪಸ್ ತೆಗೆದುಕೊಳ್ಳುವುದಿಲ್ಲ. ಮತ್ತೆ ಗ್ರೈಂಡ್ ಮಾಡಿಸಲಾ, ನಾನೇ ಕಲ್ಲಿನ ಮೇಲೆ ಉಜ್ಜಲಾ, ಹಾಗೇ ಬಿಡಲಾ?

ಪಿಂಪ್ರಿ:
ಮಾಡಿಸಿ. ಆದರೆ ಯಾರ ಕೈಗೆ ಕೊಡುತ್ತೀರಿ ಅಂತ ನೂರು ಸಲ ಯೋಚಿಸಿ. ನನ್ನದು 10 ಇಂಚಿನ ಡಮಾಸ್ಕಸ್ (ಪದರ ಪದರದ ಉಕ್ಕು), 11,500 ರೂಪಾಯಿ ಕೊಟ್ಟಿದ್ದೆ. ಭೋಸರಿಯ ಒಂದು ವರ್ಕ್‌ಶಾಪ್‌ನವರು 900ಕ್ಕೆ ಮಾಡಿಕೊಡುತ್ತೇವೆ ಅಂದರು. ದಿನವೂ ಕಟಿಂಗ್ ಟೂಲ್ ಉಜ್ಜುವವರು, ಗೊತ್ತಿರುತ್ತದೆ ಅಂತಲೇ ಕೊಟ್ಟದ್ದು. ವಾಪಸ್ ಬಂದಾಗ ಮೊನೆಯಿಂದ ಎರಡು ಬೆರಳಷ್ಟು ಅಗಲ ನೀಲಿ. ಕೇಳಿದರೆ, "ಬಣ್ಣ ತಾನೆ ಸಾಹೇಬ್ರೆ, ಪಾಲಿಶ್ ಹೊಡೆದರೆ ಹೋಗುತ್ತದೆ" ಅಂತ ಉತ್ತರ! ಬಣ್ಣ ಹೋಗುತ್ತದೆ, ಸರಿ. ಹೋದ ಗಡಸು ಎಲ್ಲಿಂದ ಬರಬೇಕು? ಗಡಸು ಮಾಡಿದ ಮೇಲೆ ಈ ಜಾತಿಯ ಉಕ್ಕಿಗೆ ಹದ ಕೊಡುವುದೇ 200 ಡಿಗ್ರಿ ಆಸುಪಾಸಿನಲ್ಲಿ. ನೀಲಿ ಬಂತು ಅಂದರೆ 300ರ ಹತ್ತಿರ ಹೋಗಿದೆ ಅಂತ ಅರ್ಥ. ಮನೆಯಲ್ಲಿ ಅರ ಹಾಕಿ ನೋಡಿದೆ. ಹಿಡಿಯ ಹತ್ತಿರ ಅರ ಜಾರುತ್ತದೆ, ಮೊನೆಯ ಹತ್ತಿರ ಕಚ್ಚಿ ಪುಡಿ ಬೀಳುತ್ತದೆ. ಅದನ್ನು ನೋಡಿ ಹೊಟ್ಟೆ ಉರಿಯಿತು.

ಮತ್ತೆ ಮೊದಲಿನಿಂದ ಗಡಸು ಮಾಡಬೇಕಾದರೆ 800 ಡಿಗ್ರಿ ದಾಟಿಸಿ ಎಣ್ಣೆಗೆ ಹಾಕಬೇಕು. ತೆಳ್ಳಗಾದ ಅಲಗು ಅಲ್ಲಿ ಸೊಟ್ಟಗಾಗುವುದೇ ಹೆಚ್ಚು. ಕೊನೆಗೆ ಚಾಕು ಮಾಡುವವರೊಬ್ಬರು ಸುಟ್ಟ ಮೊನೆಯನ್ನೇ ತೆಗೆದು, ಬೆನ್ನಿನ ಕಡೆಯಿಂದ ಹೊಸ ಮೊನೆ ಇಳಿಸಿ, ಅಲಗು ತೆಳ್ಳಗೆ ಮಾಡಿಕೊಟ್ಟರು. ಅದಕ್ಕೆ 1,800, ಕೊರಿಯರ್ 260, ಮತ್ತೆ ಎಚ್ಚಿಂಗ್ ಮಾಡಲು 350. ಮೊದಲಿನ 900 ಸೇರಿಸಿ 3,310 ರೂಪಾಯಿ. ಪದರಗಳ ಚಿತ್ತಾರ ವಾಪಸ್ ಬಂತು, ಪದರ ಇರುವುದು ಉಕ್ಕಿನ ಒಳಗೇ ಅಲ್ವಾ. ಫೆರಿಕ್ ಕ್ಲೋರೈಡ್‌ನಲ್ಲಿ ಅದ್ದಿದರೆ ನಿಕ್ಕಲ್ ಇರುವ ಪದರ ಬೆಳ್ಳಗೆ ಉಳಿದು ಪಕ್ಕದ್ದು ಕಪ್ಪಾಗುತ್ತದೆ. ಆದರೆ ಮಾಡಿದವರ ಗುರುತು ಅಳಿಸಿಹೋಯಿತು.

ಈ ಎರಡನೆಯವರು ಕೆಲಸ ಮಾಡುವುದನ್ನು ನಿಂತು ನೋಡಿದ್ದೇನೆ. 72 ಇಂಚಿನ ಬೆಲ್ಟ್ ಗ್ರೈಂಡರ್, ಹೊಸ ಸೆರಾಮಿಕ್ ಬೆಲ್ಟ್, ವೇಗ ಕಡಿಮೆ, ಕೈಗೆ ಗ್ಲೌಸ್ ಇಲ್ಲ. ಒಂದು ಎಳೆತ, ಪಕ್ಕದ ಬಕೆಟ್‌ನಲ್ಲಿ ಒಂದು ಅದ್ದು. ಬೆರಳಿಗೆ ಬಿಸಿ ತಾಕಿದ ತಕ್ಷಣ ನೀರು. ಸವೆದ ಬೆಲ್ಟ್ ಕತ್ತರಿಸುವುದಿಲ್ಲ, ಸುಮ್ನೆ ಉಜ್ಜಿ ಕಾಯಿಸುತ್ತದೆ. ಅದಕ್ಕೇ ಅವರು ಬೆಲ್ಟ್‌ಗೆ ಜಿಪುಣತನ ಮಾಡಲಿಲ್ಲ.

ಮಾಟುಂಗಾ:
ಮೆಷಿನ್‌ಗೆ ಕೊಟ್ಟು ಸುಟ್ಟುಕೊಂಡವರು ಮತ್ತೆ ಮೆಷಿನ್‌ಗೇ ಕೊಡಿ ಅನ್ನುತ್ತಿದ್ದಾರಲ್ಲ ಮಾರಾಯ್ರೆ! ನಾನು ಹೋಟೆಲ್ ಅಡುಗೆಮನೆಯಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನು. ನನ್ನ 9 ಇಂಚಿನದನ್ನು ಪೂರ್ತಿ ಕೈಯಲ್ಲೇ ತೆಳ್ಳಗೆ ಮಾಡಿದೆ. ನಾಗದೇವಿ ಸ್ಟ್ರೀಟ್‌ನಿಂದ 140 ಗ್ರಿಟ್‌ನ (ಅಂಕಿ ಕಡಿಮೆಯಾದಷ್ಟೂ ಒರಟು) ಡೈಮಂಡ್ ಪ್ಲೇಟ್ 1,650, 220ರ ಕಲ್ಲು 700, ವಾಟರ್ ಪೇಪರ್ ಹಾಳೆ 25ರಂತೆ ಒಂದು ಡಜನ್ 300. ಒಟ್ಟು 2,650. ಒಂದು ಡಿಗ್ರಿ ಬಿಸಿಯಾಗಿಲ್ಲ.

ಅಲಗಿನ ಮೇಲೆಲ್ಲ ಕಪ್ಪು ಮಾರ್ಕರ್ ಬಳಿಯಿರಿ. ಬೆನ್ನನ್ನು ಕಲ್ಲಿಗೆ ತಾಗುವಷ್ಟು ತಗ್ಗಿಸಿ ಉಜ್ಜಿ. ಮಸಿ ಎಲ್ಲಿ ಹೋಯಿತು, ಎಲ್ಲಿ ಉಳಿಯಿತು ನೋಡಿ. ನನ್ನದರಲ್ಲಿ ಹಿಡಿಯ ಹತ್ತಿರ ಉದ್ದಿನಕಾಳಿನಷ್ಟು ಜಾಗದಲ್ಲಿ ಮಸಿ ಹೋಗಲೇ ಇಲ್ಲ. ಮಾಡಿದವರು ಅಲ್ಲಿ ಗುಳಿ ಬೀಳಿಸಿದ್ದರು. ಆ ಗುಳಿ ಹೋಗುವವರೆಗೆ ಉಜ್ಜಲು ಹೋದರೆ ಸುತ್ತಲಿನ ಅಂಚು ಒಳಗೆ ಹೋಗಿ, ಮಣೆಯ ಮೇಲೆ ಇಟ್ಟಾಗ ಬೆಳಕು ಕಾಣುತ್ತದೆ. ಸೊಪ್ಪು ಹೆಚ್ಚಿದರೆ ದಾರ ಕಟ್ಟಿದ ಹಾಗೆ ಒಂದಕ್ಕೊಂದು ಅಂಟಿಕೊಂಡೇ ಉಳಿಯುತ್ತದೆ. ಹಾಗಾಗಿ ಗುಳಿಯನ್ನು ಇದ್ದ ಹಾಗೇ ಬಿಟ್ಟೆ.

ಬೆನ್ನಿನ 4 ಮಿ.ಮೀ. ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನೋಡಬೇಕಾದದ್ದು ಅಂಚಿನಿಂದ ಮೇಲೆ ಒಂದು ಸೆಂ.ಮೀ. ಮಾತ್ರ. ಅಂಚಿನ ಹಿಂದೆ 0.25, ಒಂದು ಸೆಂ.ಮೀ. ಮೇಲೆ 1ರಿಂದ 1.2 ಬಂದರೆ ಕ್ಯಾರೆಟ್ ಸೀಳುವುದಿಲ್ಲ, ಕತ್ತರಿಸುತ್ತದೆ. ಬಲಗೈಯವರಾದರೆ ಬಲಮಗ್ಗುಲು ಸ್ವಲ್ಪ ಉಬ್ಬಿರಲಿ. ಪೂರ್ತಿ ಚಪ್ಪಟೆ ಮಾಡಿದರೆ ಬಟಾಟೆ ಅಂಟಿಕೊಂಡು ಮೇಲೇರುತ್ತದೆ.

ಪಿಂಪ್ರಿ:
ಅಣ್ಣಾ, ನಿಮಗೆ ಸಮಯ ಇತ್ತು, ಉಜ್ಜಿದಿರಿ. 0.9ನ್ನು 0.25ಕ್ಕೆ ಇಳಿಸುವುದು, ಅದೂ ಇಎನ್31ನಂಥ ಗಡಸು ಉಕ್ಕಿನಲ್ಲಿ, ಕೆಲಸಕ್ಕೆ ಹೋಗುವವರಿಗೆ ಆಗುವ ಮಾತಾ? ಡೈಮಂಡ್ ಪ್ಲೇಟ್ ಆ ಹೊತ್ತಿಗೆ ನುಣ್ಣಗಾಗಿರುತ್ತದೆ. ಆ 1,650 ಒಂದೇ ಚಾಕುವಿನ ಲೆಕ್ಕಕ್ಕೆ ಹೋಯಿತು ಅಂತಲೂ ಹೇಳಿ.

ಮಾಟುಂಗಾ:
ಪ್ಲೇಟ್ ಇನ್ನೂ ಇದೆ. ಕಲ್ಲು ಸಮ ಮಾಡಲು ದಿನವೂ ಅದೇ ಬೇಕು. ನಿಮ್ಮ ಸುಟ್ಟ ಮೊನೆ ಇದೆಯಾ?

ಮಡಗಾಂವ್:
ಇಬ್ಬರೂ ತೆಳ್ಳಗೆ ಮಾಡಿ ಅನ್ನುತ್ತೀರಿ. ಆಮೇಲೆ ಏನಾಗುತ್ತದೆ ಅಂತ ಯಾರೂ ಹೇಳುತ್ತಿಲ್ಲ. ನನಗೆ ಒಬ್ಬರು 0.2ಕ್ಕೆ ಇಳಿಸಿಕೊಟ್ಟರು, 1,500 ತೆಗೆದುಕೊಂಡರು. ಟೊಮೆಟೊ, ಈರುಳ್ಳಿ ಬೆಣ್ಣೆ. ಇಸ್ವಣ ಮೀನಿನ (ಅಂಜಲ್) ನಡುಮುಳ್ಳಿಗೆ ಇಟ್ಟ ದಿನ ಅಂಚು ಅರ್ಧಚಂದ್ರದಂತೆ ಎದ್ದುಹೋಯಿತು. ಒಂದು ಚೂರು ಮೀನಿನ ತುಂಡಿನಲ್ಲೇ ಸಿಕ್ಕಿತು. ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ, ಸ್ವಾಮಿ. ಅಡುಗೆಯನ್ನೇ ಚೆಲ್ಲಿದೆವು. ಆ ಚಿಪ್, ಅಂದರೆ ಅಂಚು ಎದ್ದ ಜಾಗ, ಹೋಗುವವರೆಗೆ ಉಜ್ಜಿಸಲು ಇನ್ನೂ 600.

ಈಗ ಮುಳ್ಳಿಗೂ ತೆಂಗಿನಕಾಯಿಗೂ ಮಾಪ್ಸಾದ ಶುಕ್ರವಾರದ ಸಂತೆಯಲ್ಲಿ ತಂದ ದಪ್ಪ ಕೊಯ್ತಾ (ಕತ್ತಿ). ತರಕಾರಿಗೆ ಬೇರೆ ತೆಳು ಚಾಕು. ದಪ್ಪದ್ದು ದಪ್ಪಗೇ ಇರಲಿ. ಅದಕ್ಕೂ ಒಂದು ಕೆಲಸ ಇದೆ.

ಮಾಟುಂಗಾ:
ಇಸ್ವಣದ ಮುಳ್ಳಿಗೆ 0.2ರ ಅಲಗು ಹಾಕಿದರೆ ಚಿಪ್ ಆಗದೆ ಇನ್ನೇನಾಗುತ್ತದೆ! ತೆಳು ಅಲಗಿನ ಮೇಲೆ ಯಾಕೆ ಗೂಬೆ ಕೂರಿಸುತ್ತೀರಿ?

ಮಡಗಾಂವ್:
ಮೀನು ಕತ್ತರಿಸುತ್ತೇನೆ ಅಂತ ಹೇಳಿಯೇ ಕೊಟ್ಟಿದ್ದು. ಅವರೇ ನಡೆಯುತ್ತದೆ ಅಂದದ್ದು. ಗೊತ್ತಿಲ್ಲದೆ ಮಾತಾಡಬೇಡಿ.

ದೊಂಬಿವಲಿ:
ಸೈಕಲ್ ಮೇಲೆ ಸಾಣೆ ಇಟ್ಟುಕೊಂಡು ಬರುವವನ ಬಗ್ಗೆ ಯಾರೂ ಹೇಳಲೇ ಇಲ್ಲ. ನಮ್ಮ ಸೊಸೈಟಿಗೆ ಬರುವವನು 30 ರೂಪಾಯಿಗೆ ಮಾಡಿಕೊಡುತ್ತಾನೆ. ಇಷ್ಟೆಲ್ಲ ಸಾವಿರಗಟ್ಟಲೆ ಯಾಕೆ?

ಪಿಂಪ್ರಿ:
ಅಕ್ಕಾ, ಅವನು ಮಾಡುವುದು ಅಂಚು ಮಾತ್ರ. ಅದೂ ಒಣ ಚಕ್ರದ ಮೇಲೆ, ಕಿಡಿ ಹಾರಿಸಿ. ಅಲಗು ಮೇಲಕ್ಕೆ ಹೋದಂತೆ ದಪ್ಪ. ಪ್ರತಿ ಸಲ ಅಂಚು ಸವೆದು ಆ ದಪ್ಪದ ಕಡೆಗೇ ಏರುತ್ತದೆ. ಹರಿತ ಬರುತ್ತದೆ, ಆದರೆ ಕತ್ತರಿಸುವುದು ಕಷ್ಟವಾಗುತ್ತಾ ಹೋಗುತ್ತದೆ. ಅಂಚಿನ ಹೊಳೆಯುವ ಪಟ್ಟಿ ನೋಡಿ. 0.9 ದಪ್ಪಕ್ಕೆ ಪ್ರತಿ ಮಗ್ಗುಲು 20 ಡಿಗ್ರಿ ಓರೆಯಲ್ಲಿ ಮಸೆದರೆ ಪಟ್ಟಿ 1.3 ಮಿ.ಮೀ. ಅಗಲ. 0.25ಕ್ಕೆ 15 ಡಿಗ್ರಿಯಲ್ಲಿ ಅರ್ಧ ಮಿ.ಮೀ.ಯೂ ಇಲ್ಲ. ಪಟ್ಟಿ ಅಗಲವಾಗುತ್ತಿದೆ ಅಂದರೆ ಮೇಲಿನಿಂದ ತೆಳ್ಳಗೆ ಮಾಡುವ ಕಾಲ ಬಂತು.

ದೊಂಬಿವಲಿ:
ಅವನ ಹೊಟ್ಟೆಪಾಡಿಗೆ ಕಲ್ಲು ಹಾಕಬೇಡಿ. ನನ್ನ ಸ್ಟೀಲ್ ಚಾಕುಗಳು ಚೆನ್ನಾಗಿಯೇ ಇವೆ. ಜುಲೈ ಮಳೆಯಲ್ಲೂ ತುಕ್ಕಿಲ್ಲ. ನಿಮ್ಮ ಇಎನ್31 ಒಂದು ರಾತ್ರಿ ಒದ್ದೆ ಬಿಟ್ಟರೆ ಬೆಳಿಗ್ಗೆ ಕೆಂಪು ಚುಕ್ಕೆ.

ವಾಸ್ಕೊ:
ಈಳಿಗೆ ಮಣೆ ಇರುವಾಗ ಈ ಕಷ್ಟ ಯಾಕೆ ಅಂತ! ನನ್ನ ಅತ್ತೆಯ ಕಾಲದ್ದು, ಹಲಸಿನಕಾಯಿಯಿಂದ ಬೀನ್ಸ್‌ವರೆಗೆ ಅದೇ. ಎರಡು ಕೈಯಲ್ಲೂ ತರಕಾರಿ ಹಿಡಿದು ಒತ್ತುತ್ತೇವೆ, ಹಾಗಾಗಿ ದಪ್ಪ ಇದ್ದರೂ ನಡೆಯುತ್ತದೆ.

ಮಡಗಾಂವ್:
ಮಂಡಿ ನೋವಿದ್ದವರು ನೆಲದ ಮೇಲೆ ಹೇಗೆ ಕೂರಬೇಕು ಅಕ್ಕಾ? ನನ್ನ ಹೆಂಡತಿಗೆ ಆಪರೇಷನ್ ಆದ ಮೇಲೇ ನಾವು ಚಾಕುವಿಗೆ ಬಂದದ್ದು.

ವಾಸ್ಕೊ:
ಅದು ಬೇರೆ ಮಾತು. ಬೇಸರ ಮಾಡಿಕೊಳ್ಳಬೇಡಿ.

ಠಾಣೆ ವೆಸ್ಟ್:
ಠಾಣೆ ಹತ್ತಿರ ನೀರು ಹಾಕಿಕೊಂಡು ಗ್ರೈಂಡ್ ಮಾಡುವವರು ಯಾರಾದರೂ ಗೊತ್ತಾ?

ಮಾಟುಂಗಾ:
ತುಕ್ಕಿನ ಮಾತಿಗೆ ಉತ್ತರ. ಹೊಸದಾಗಿ ಉಜ್ಜಿದ ಉಕ್ಕಿಗೇ ತುಕ್ಕು ಜಾಸ್ತಿ, ಮೊದಲಿನ ಕಪ್ಪು ಪದರ ಹೋಗಿರುತ್ತದಲ್ಲ. ಈರುಳ್ಳಿ, ಮಾಂಸ ಕತ್ತರಿಸುತ್ತಾ ಹೋದರೆ ಮತ್ತೆ ಬೂದುಬಣ್ಣ ಕಟ್ಟುತ್ತದೆ. ಲಿಂಬೆ, ಕೋಕಂ ಮುಟ್ಟಿದರೆ ಆಗಲೇ ಒರೆಸಿ. ಕೊಬ್ಬರಿ ಎಣ್ಣೆ ತೆಳ್ಳಗೆ ಹಚ್ಚಿದರೆ ಸಾಕು.

ದೊಂಬಿವಲಿ:
ಕೊಬ್ಬರಿ ಎಣ್ಣೆ ಇಟ್ಟಲ್ಲೇ ಅಂಟಾಗುತ್ತದೆ, ವಾಸನೆ ಬೇರೆ. ಹೋಟೆಲ್‌ನಲ್ಲಿ ದಿನವೂ ಬಳಸುವವರಿಗೆ ಗೊತ್ತಾಗುವುದಿಲ್ಲ.

ಮಾಟುಂಗಾ:
ದಿನವೂ ಬಳಸದಿದ್ದರೆ ಔಷಧಿ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಹಚ್ಚಿ. ಮತ್ತೆ, ಚಾಕು ಜೊತೆ ಬಂದ ಚರ್ಮದ ಒರೆಯಲ್ಲಿ ಮಳೆಗಾಲದಲ್ಲಿ ಇಡಬೇಡಿ. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ, ತುಕ್ಕು ಅಲ್ಲೇ ಶುರುವಾಗುವುದು.